ಅಮ್ಮನ ಕನಕಾಂಬರ, ಅವರ ಅಬೋಲಿ

ಜನವರಿ ಬಂತೆಂದರೆ ನನಗೆ ಲಾಲ್‌ಬಾಗ್ ನೆನಪಾಗುತ್ತದೆ. 1889ರ ಗಾಜಿನ ಮನೆ, ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ನಡೆಯುವ ಫಲಪುಷ್ಪ ಪ್ರದರ್ಶನ, ಆ ಜನಜಂಗುಳಿ. ಅಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಪುಣೆಗೆ ಕರೆತಂದೆ. ಅವಳಿಗೆ ಮರಾಠಿ ಬಾರದು. ನಾನು ಲ್ಯಾಪ್‌ಟಾಪ್ ಮುಂದೆ, ಅವಳು ಬಾಲ್ಕನಿಯಲ್ಲಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಇಲ್ಲೂ ಜನವರಿ ಕೊನೆಗೆ ಎಂಪ್ರೆಸ್ ಗಾರ್ಡನ್‌ನಲ್ಲಿ ಪುಷ್ಪ ಪ್ರದರ್ಶನವಿರುತ್ತದೆ. "ಲಾಲ್‌ಬಾಗಿನಷ್ಟು ಎಲ್ಲಿರುತ್ತೆ ಬಿಡೋ" ಎನ್ನುತ್ತಲೇ ಅಮ್ಮ ಹೊರಟಳು.

ಗಿಡ ಮಾರುವ ಮಳಿಗೆಯಲ್ಲಿ ಪಕ್ಕದಲ್ಲೊಬ್ಬ ಅಜ್ಜಿ. ಅಮ್ಮ ಒಂದು ಕುಂಡ ಮುಟ್ಟಿ "ಕನಕಾಂಬರ" ಎಂದಳು. ಅಜ್ಜಿ "ಅಬೋಲಿ" ಎಂದರು. ದಾಸವಾಳ? ಜಾಸ್ವಂದ. ಸಂಪಿಗೆ? ಚಾಫಾ. ಚೆಂಡುಹೂವಿಗೆ "ಝೆಂಡು" ಎಂದಾಗ ಇಬ್ಬರೂ ನಕ್ಕರು. ಸೇವಂತಿಗೆ ಅವರಿಗೂ ಶೇವಂತಿಯೇ! ನಾನು ಮುಕ್ಕಾಲು ಗಂಟೆ ಚೀಲ ಹಿಡಿದು ನಿಂತಿದ್ದೆ.

ಮರಾಠಿಯಲ್ಲಿ ಅಬೋಲ ಎಂದರೆ ಮಾತಾಡದ ಎಂದರ್ಥ. ಭಾಷೆ ಬಾರದ್ದಕ್ಕೇ ಅಮ್ಮ ಸುಮ್ಮನಿದ್ದಾಳೆ ಅಂದುಕೊಂಡಿದ್ದೆ. ಆದರೆ ಕನ್ನಡ ಬರುವ ನಾನು ಮನೆಯಲ್ಲೇ ಇದ್ದೆನಲ್ಲ!

ಆ ಕುಂಡ ಈಗ ನಮ್ಮ ಬಾಲ್ಕನಿಯಲ್ಲಿದೆ. ಬೆಳಿಗ್ಗೆ ಮೀಟಿಂಗ್‌ಗೆ ಮೊದಲು ಅರ್ಧ ಗಂಟೆ ಕಾಫಿ ಹಿಡಿದು ನಾನೂ ಅಲ್ಲೇ ಕೂರುತ್ತೇನೆ. ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡಿದ್ದೀರಾ? ಮಾಲ್ ಆಮೇಲೆ ತೋರಿಸಿ. ಮೊದಲು ನಿಮ್ಮೂರಿನ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋಗಿ. ಅವರಿಗೆ ಅಲ್ಲಿ ಗುರುತಿನವರು ಬೇಕಾದಷ್ಟಿದ್ದಾರೆ.