ಕಲ್ಲುದಾರಿಯ ಸೈಕಲ್ಲು

ಅಕ್ಕಲಕೋಟೆ ಸೀಮೆಯ ನಮ್ಮ ತರುಣರಿಗೆ ದಪ್ಪ ಗಾಲಿಯ ಸೈಕಲ್ಲು ಸಿಕ್ಕರೆ ಕಲ್ಲುದಾರಿಯೂ ಆಟದ ಬಯಲೇ. ಇಳಿಜಾರಿನಲ್ಲಿ ಸೀಟಿನಿಂದೆದ್ದು, ಪೆಡಲುಗಳನ್ನು ಸಮನಾಗಿರಿಸಿ, ಮೈಭಾರವನ್ನು ಹಿಂದಕ್ಕೆ ಸರಿಸಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಸವಾರನು ಮುಗ್ಗರಿಸುವನು.

ಸೋಲಾಪುರದ ಉತ್ತರಕ್ಕಿರುವ ನಾನ್ನಜದ ಮಾಳದಲ್ಲಿ ಇನ್ನೊಂದು ಪಾಠವುಂಟು. 1979ರಲ್ಲಿ ಘೋಷಿತವಾದ ಅಭಯಾರಣ್ಯವದು. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತವೆನಿಸಿದ ಹಕ್ಕಿಯು ಗೂಡು ಕಟ್ಟದೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವುದು. ಮಣ್ಣಿನ ಬಣ್ಣಕ್ಕೆ ಹೊಂದುವ ಆ ಮೊಟ್ಟೆಯು ಓಡುವ ಸವಾರನ ಕಣ್ಣಿಗೆ ಬೀಳದು. ದೇಶದಲ್ಲಿ ಕಾಡಿನಲ್ಲುಳಿದ ಈ ಹಕ್ಕಿಗಳು 200ಕ್ಕಿಂತ ಕಡಿಮೆ. ಪಾಳು ಬಿದ್ದಂತೆ ತೋರುವ ಹುಲ್ಲುಮಾಳವೇ ಅವುಗಳ ಮನೆ.

ಆದುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಹೋಗಬಾರದು. ಹೋದರೆ ಬಂಡಿದಾರಿಯನ್ನು ಬಿಡಬಾರದು. ದಾರಿ ತಪ್ಪದೆ ನಡೆಯಲು ಮಕ್ಕಳಿಗೆ ಕಲಿಸುವ ನಾವು ಗಾಲಿಗೂ ಅದೇ ಪಾಠವನ್ನು ಹೇಳಿಕೊಡೋಣ.