ಕಾಣದ ಕಡೆಯ ಅಂಕಿ

ಗಣಕಯಂತ್ರಗಳ ಲೋಕದಲ್ಲಿ ಹಳೆಯದೆಲ್ಲವೂ ಬೇಗನೆ ಮೂಲೆ ಸೇರುವುದೆಂಬ ನಂಬಿಕೆ ಸಾಮಾನ್ಯವಾದುದು. ಫೋರ್‌ಟ್ರಾನ್ ಎಂಬ ಭಾಷೆಯ ಮಟ್ಟಿಗೆ ಅದು ನಿಜವಾಗಲಿಲ್ಲ. ಅಮೆರಿಕೆಯ ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಆತನ ಸಂಗಡಿಗರು ೧೯೫೭ರಲ್ಲಿ ಹೊರತಂದ ಈ ಭಾಷೆಯಲ್ಲಿ ಗಣಿತಜ್ಞರು ದಶಕಗಳ ಕಾಲ ದುಡಿದು, ಸಮೀಕರಣಗಳನ್ನು ಬಿಡಿಸುವ ಸಿದ್ಧ ಕ್ರಮವಿಧಿಗಳ ಭಂಡಾರಗಳನ್ನೇ ಕಟ್ಟಿದರು. ೧೯೯೨ರಲ್ಲಿ ಹೊರಬಂದ ಲಾಪ್ಯಾಕ್ ಅಂತಹುದೊಂದು. ಬೆಲ್ ಪ್ರಯೋಗಶಾಲೆಯ ಡೆನ್ನಿಸ್ ರಿಚಿ ೧೯೭೦ರ ದಶಕದಲ್ಲಿ ರೂಪಿಸಿದ ‘ಸಿ’ ಭಾಷೆಯಲ್ಲಿ ಬರೆಯುವವರು ಆ ಭಂಡಾರವನ್ನು ಮತ್ತೆ ಕಟ್ಟುವ ಗೋಜಿಗೆ ಹೋಗದೆ, ಬೇಕೆಂದಾಗ ಅದನ್ನೇ ಕರೆದು ಕೆಲಸ ಮಾಡಿಸಿಕೊಳ್ಳುವುದನ್ನು ರೂಢಿಸಿಕೊಂಡರು.

ಆದರೆ ಕರೆಯುವವನ ರೀತಿ ಒಂದು, ಓಗೊಡುವವನ ರೀತಿ ಇನ್ನೊಂದು. ಹೆಸರಿನ ತೊಡಕು ಚಿಕ್ಕದು: ಫೋರ್‌ಟ್ರಾನನ್ನು ಯಂತ್ರದ ನುಡಿಗೆ ತಿರುಗಿಸುವ ಕಂಪೈಲರುಗಳಲ್ಲಿ ಅನೇಕವು ಪ್ರತಿಯೊಂದು ಹೆಸರಿನ ತುದಿಗೂ ಒಂದು ಅಡಿಗೆರೆಯನ್ನು ಅಂಟಿಸುವುವು, ಅದನ್ನು ಸೇರಿಸಿಯೇ ಕೂಗಬೇಕು. ‘ಸಿ’ ಭಾಷೆ ಸಂಖ್ಯೆಯ ಪ್ರತಿಯೊಂದನ್ನು ಕೈಗಿಡುವುದು. ಫೋರ್‌ಟ್ರಾನ್ ಬಯಸುವುದಾದರೋ ಆ ಸಂಖ್ಯೆ ವಾಸವಾಗಿರುವ ಮನೆಯ ವಿಳಾಸವನ್ನು. ಎರಡು ಎಂಬ ಸಂಖ್ಯೆಯನ್ನೇ ಕೊಟ್ಟರೆ, ಅದು ಎರಡನೆಯ ನಂಬರಿನ ಮನೆಯನ್ನು ಹುಡುಕಿ ಹೊರಟು ಮುಗ್ಗರಿಸುವುದು. ಇವೆಲ್ಲ ಒಳ್ಳೆಯ ತಪ್ಪುಗಳು, ಕೂಡಲೇ ಬಯಲಾಗುವುವು.

ಬಯಲಾಗದ ತಪ್ಪಿನದೇ ಭಯ. ಒಂದು ನಿಂಬೆಹಣ್ಣು, ಎರಡು ಮಾವಿನಹಣ್ಣು ಸೇರಿ ೫ ರೂಪಾಯಿ. ಮೂರು ನಿಂಬೆ, ನಾಲ್ಕು ಮಾವು ಸೇರಿ ೧೧ ರೂಪಾಯಿ ಎಂದಿರಲಿ. ನಿಂಬೆಗೆ ೧, ಮಾವಿಗೆ ೨ ಎಂದು ಶಾಲೆಯ ಹುಡುಗನೂ ಹೇಳಿಯಾನು. ಈ ಲೆಕ್ಕದ ೧, ೨, ೩, ೪ ಎಂಬ ಕೋಷ್ಟಕವನ್ನು ‘ಸಿ’ ಭಾಷೆ ಅಡ್ಡಸಾಲುಗಳಾಗಿ ಜೋಡಿಸಿಡುವುದು. ಫೋರ್‌ಟ್ರಾನ್ ಅದನ್ನೇ ಕಂಬಸಾಲುಗಳೆಂದು ಓದುವುದು. ಆಗ ಒಂದು ನಿಂಬೆ, ಮೂರು ಮಾವಿಗೆ ೫, ಎರಡು ನಿಂಬೆ, ನಾಲ್ಕು ಮಾವಿಗೆ ೧೧ ಎಂದಾಗಿ, ನಿಂಬೆಗೆ ಆರೂವರೆ ರೂಪಾಯಿ. ಮಾವಿಗೆ ಅಂಗಡಿಯವನೇ ಅರ್ಧ ರೂಪಾಯಿ ಕೈಯಿಂದ ಕೊಡಬೇಕು! ಯಂತ್ರ ಮಾತ್ರ ಯಾವ ದೂರನ್ನೂ ಹೇಳದು. ಹಣ್ಣಿನ ಲೆಕ್ಕದಲ್ಲಿ ನಗು ಬರುವುದು. ಸೇತುವೆಯ ತೊಲೆಗಳನ್ನು ಕುರಿತ ಸಾವಿರ ಸಾಲಿನ ಕೋಷ್ಟಕದಲ್ಲಿ ಯಾರ ಕಣ್ಣಿಗೂ ಬೀಳದೆಯೂ ಹೋಗಬಹುದು. ಕರ್ಣದ ಎರಡು ಕಡೆಗೂ ಸಮನಾದ ಸಂಖ್ಯೆಗಳಿರುವ ಕೋಷ್ಟಕವನ್ನು ಕೊಟ್ಟು ಪರೀಕ್ಷಿಸಿದವನಿಗಂತೂ ಸರಿಯುತ್ತರವೇ ಬಂದು ಧೈರ್ಯ ಹೆಚ್ಚುವುದು.

ಇದನ್ನು ಬಲ್ಲವರು ಎಚ್ಚರದಿಂದಲೇ ಇದ್ದರು. ಬಲ್ಲವರೂ ಎಡವಿದ್ದು ಮತ್ತೊಂದು ಕಡೆ. ಅಕ್ಷರಗಳನ್ನು ಕಳುಹಿಸುವಾಗ, ಅವುಗಳ ಉದ್ದವನ್ನೂ ಪಟ್ಟಿಯ ಕಟ್ಟಕಡೆಯಲ್ಲಿ ಒಂದು ಅಂಕಿಯಾಗಿ ಸೇರಿಸುವುದು ಫೋರ್‌ಟ್ರಾನ್ ಕಂಪೈಲರುಗಳ ಪದ್ಧತಿ. ಫೋರ್‌ಟ್ರಾನಿನಲ್ಲಿ ಬರೆಯುವವನಿಗೂ ಅದು ಕಾಣಿಸದು. ಕೋಷ್ಟಕದ ಮೇಲರ್ಧವೋ ಕೆಳಗರ್ಧವೋ ಎಂದು ತಿಳಿಸಲು ಲಾಪ್ಯಾಕಿಗೆ ಒಂದೇ ಅಕ್ಷರ ಸಾಕು. ಒಂದೇ ಅಕ್ಷರಕ್ಕೆ ಉದ್ದದ ಲೆಕ್ಕವೇತಕ್ಕೆಂದು ‘ಸಿ’ ಭಾಷೆಯವರು ಅದನ್ನು ಬಿಟ್ಟುಬಿಟ್ಟರು. ದಶಕಗಳವರೆಗೆ ಏನೂ ಆಗಲಿಲ್ಲ. ಒಳಗಿನವರು ಆ ಅಂಕಿಯನ್ನು ನೋಡುತ್ತಲೇ ಇರಲಿಲ್ಲ.

೨೦೧೯ರಲ್ಲಿ, ಸಂಖ್ಯಾಶಾಸ್ತ್ರಜ್ಞರ ಮೆಚ್ಚಿನ ‘ಆರ್’ ತಂತ್ರಾಂಶವನ್ನು ಪೋಷಿಸುವವರಿಗೆ, ಸರಿಯಾಗಿದ್ದ ಲೆಕ್ಕಗಳು ಇದ್ದಕ್ಕಿದ್ದಂತೆ ಕುಸಿಯುವುದು ಕಂಡುಬಂದಿತು. ಜಿ-ಫೋರ್‌ಟ್ರಾನ್ ಎಂಬ ಕಂಪೈಲರು ಹಿಂದಿಗಿಂತ ಚುರುಕಾಗಿತ್ತು. ಕ್ರಮವಿಧಿಯೊಂದು ತನ್ನ ಕೆಲಸದ ಕೊನೆಗೆ ಇನ್ನೊಂದನ್ನು ಕರೆಯುವಾಗ, ತನಗೆ ಒಪ್ಪಿಸಿದ ಜಾಗದಲ್ಲಿಯೇ ಮುಂದಿನವನ ಸಾಮಗ್ರಿಯನ್ನೂ ಇಡುವ ಜಾಣತನ ಅದರದು. ಆ ಜಾಗದಲ್ಲಿ ಕಾಣದ ಅಂಕಿಯ ಕೋಣೆಯೂ ಸೇರಿದೆಯೆಂಬುದು ಅದರ ಎಣಿಕೆ. ‘ಸಿ’ ಭಾಷೆಯವರಾದರೋ ಆ ಕೋಣೆಯನ್ನೇ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಬೇರೆಯವರ ಸಾಮಾನಿತ್ತು. ಅದರ ಮೇಲೆಯೇ ಹೊಸ ಬರಹ ಬಿದ್ದಿತು.

ನಿಯಮದ ಪ್ರಕಾರ ತಪ್ಪು ‘ಸಿ’ಯ ಕಡೆಯದು. ಆದರೂ ಎಲ್ಲರೂ ನಡೆದ ಹಾದಿಯನ್ನು ಒಮ್ಮೆಗೇ ಮುಚ್ಚುವುದು ಹೇಗೆ? ಎರಡು ಭಾಷೆಗಳ ನಡುವೆ ವಿಧಿವತ್ತಾದ ಸೇತುವೆಯನ್ನು ೨೦೦೩ರ ಫೋರ್‌ಟ್ರಾನ್ ಮಾನಕವೇ ಒದಗಿಸಿತ್ತು; ಹಳೆಯ ಭಂಡಾರವಾದರೋ ಅದಕ್ಕೂ ಮುಂಚಿನದು. ಕಂಪೈಲರಿನವರು ಅದೇ ವರ್ಷ ಆ ಜಾಣತನಕ್ಕೆ ಕಡಿವಾಣ ಹಾಕುವ ಏರ್ಪಾಟನ್ನು ಮಾಡಿದರು. ‘ಆರ್’ನವರು ತಮ್ಮ ಕರೆಗಳನ್ನು ಒಂದೊಂದಾಗಿ ತಿದ್ದಿ, ಪ್ರತಿಯೊಂದು ಅಕ್ಷರಕ್ಕೂ ಪಟ್ಟಿಯ ತುದಿಯಲ್ಲಿ ೧ ಎಂಬ ಅಂಕಿಯನ್ನು ಸೇರಿಸುತ್ತ ಬಂದರು.