ಮಲ್ಲೇಶ್ವರದ ಜಗಲಿ

1898ರಲ್ಲಿ ಬೆಂಗಳೂರನ್ನು ಪ್ಲೇಗ್ ಕಾಡಿದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗೆ ಮಲ್ಲೇಶ್ವರ, ಬಸವನಗುಡಿಗಳು ಆಸರೆಯಾದವು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ನೈರ್ಮಲ್ಯಕ್ಕೆಂದು ಬಿಟ್ಟ ಕಿರುಓಣಿಗಳು, ಗಾಳಿಬೆಳಕಿಗೆ ಸುತ್ತ ತೆರಪು: ನಾವಿಂದು ಸೊಬಗೆಂದು ಹೊಗಳುವ ಇವೆಲ್ಲದರ ಹಿಂದೆ ಇದ್ದದ್ದು ಆರೋಗ್ಯದ ಚಿಂತೆ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ತನ್ನ ತಂದೆಯ ಮನೆಯನ್ನು ಕೆಡವಲು ಒಪ್ಪಿರುವುದಾಗಿ ತಿಳಿಸಿದ. ಒಡಹುಟ್ಟಿದವರು ನಾಲ್ವರು, ಹೆಂಚಿನ ಮನೆ ಒಂದು. "ಪಾಲು ಮಾಡುವುದು ಹೇಗೆ, ಸಾರ್?" ಎಂದ. ಉತ್ತರ ತೋಚಲಿಲ್ಲ. ಆ ಮನೆಯ ಕಂದಾಯ ಕಟ್ಟದ ನನ್ನಂಥವರು ಪರಂಪರೆಯ ಪಾಠ ಹೇಳುವುದು ಬಹಳ ಸುಲಭ! ಸಂಪಿಗೆ ರಸ್ತೆಗೆ 2014ರಲ್ಲೇ ಮೆಟ್ರೋ ಬಂದಿದೆ. ಅದರ ಆಸುಪಾಸಿನಲ್ಲಿ ಇನ್ನಷ್ಟು ಸಂಸಾರಗಳು ನೆಲೆಸುವುದು ನ್ಯಾಯವೇ ಸರಿ.

ನನ್ನ ತಕರಾರು ನೆಲಮಟ್ಟದ್ದು. ಹೊಸ ಕಟ್ಟಡಗಳಲ್ಲಿ ಅದು ಬಹುಪಾಲು ಕಾರುಗಳ ಪಾಲು. ಬೀದಿಯತ್ತ ಒಂದು ಕಿಟಕಿಯೂ ಇರದು. ನಾಲ್ಕನೆಯ ಮಹಡಿಗೆ ಮರದ ಪಟ್ಟಿಗಳ 'ಮಂಕಿ ಟಾಪ್' ಅಂಟಿಸಿ ಪಾರಂಪರಿಕ ಶೈಲಿಯೆಂದರೆ ನನಗೆ ಶಾಲಾ ವಾರ್ಷಿಕೋತ್ಸವದ ಛದ್ಮವೇಷ ನೆನಪಾಗುತ್ತದೆ. ನಿಯಮ ರೂಪಿಸುವವರು ಹೆಂಚು ಕಂಬಗಳ ನಕಲನ್ನು ಕೇಳದಿರಲಿ. ಬೀದಿಗೆ ಮುಖಮಾಡಿದ ವಾಸದ ಕೋಣೆ, ಎದೆಮಟ್ಟ ಮೀರದ ಕಾಂಪೌಂಡು, ಮರವೊಂದು ಬೇರು ಬಿಡುವಷ್ಟು ಮಣ್ಣು, ನಾಲ್ವರು ಕೂರುವ ಜಗಲಿ, ಇಷ್ಟನ್ನು ಕಡ್ಡಾಯ ಮಾಡಲಿ. ಮಹಡಿ ಮೂರೋ ನಾಲ್ಕೋ, ಆಮೇಲಿನ ಮಾತು.

ಜಗಲಿಯ ವಿಚಾರವನ್ನು ಶಿಷ್ಯನಿಗೂ ಹೇಳಿದೆ. "ಬಿಲ್ಡರನ್ನು ಕೇಳುತ್ತೇನೆ ಸಾರ್, ಆದರೆ ಒಂದು ಕಾರಿನ ಜಾಗ ಹೋಗುತ್ತದಲ್ಲ" ಎಂದ.